ಹಾರ್ಡ್ ಡಿಸ್ಕ್ ಕೈಕೊಡುವ ಮುನ್ನ

ಕಂಪ್ಯೂಟರ್ ಆಗಾಗ ಮರಗಟ್ಟಿದಂತೆ ನಿಂತುಬಿಡುತ್ತಿದೆಯೇ? ಒಂದೇ ಫೈಲ್ ತೆರೆಯಲು ಪ್ರತಿ ಸಲವೂ ಒದ್ದಾಡುತ್ತಿದೆಯೇ? ಹಾಗಿದ್ದರೆ ಮೊದಲು ಹಾರ್ಡ್ ಡಿಸ್ಕ್ ಪರೀಕ್ಷಿಸಿ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂಬ ಈ ದಾಖಲೆಯನ್ನು ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಲಿನಕ್ಸ್‌ನಲ್ಲಿ ಜಿಸ್ಮಾರ್ಟ್‌ಕಂಟ್ರೋಲ್ ತೋರಿಸುತ್ತವೆ. ಎರಡೂ ಉಚಿತ.

ಪಟ್ಟಿಯ ಪ್ರತಿ ಸಾಲಿಗೂ ಒಂದು ಗುರುತು ಸಂಖ್ಯೆ ಇರುತ್ತದೆ. ಪಟ್ಟಿ ಉದ್ದವಾಗಿದ್ದರೂ ನೋಡಬೇಕಾದದ್ದು ನಾಲ್ಕೇ ಸಾಲು. 5ನೆಯದು, ಕೆಟ್ಟ ಸೆಕ್ಟರ್‌ಗಳ (ದತ್ತಾಂಶ ಬರೆಯುವ ಸಣ್ಣ ತುಂಡುಗಳ) ಬದಲಿಗೆ ಮೀಸಲು ಸೆಕ್ಟರ್ ಬಳಸಿದ ಎಣಿಕೆ. 197ನೆಯದು, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು. 198, ಡಿಸ್ಕಿನ ಸ್ವಂತ ತಪಾಸಣೆಯಲ್ಲೂ ಓದಲಾಗದವು. 199, ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ದತ್ತಾಂಶ ಸಾಗುವಾಗಿನ ದೋಷಗಳು; ಅದು ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್‌ನದು. ಡಿಸ್ಕ್ ಎಸೆಯುವ ಮೊದಲು ಅದನ್ನು ಕಂಪ್ಯೂಟರಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಈ ಸಾಲುಗಳನ್ನು 05, ಸಿ5, ಸಿ6, ಸಿ7 ಎಂದು ಹದಿನಾರರ ಎಣಿಕೆಯಲ್ಲಿ ಬರೆಯುತ್ತದೆ. ಮೌಲ್ಯಗಳೂ ಹಾಗೆಯೇ; ಅಲ್ಲಿ ಕಾಣುವ 10 ಎಂದರೆ 16.

197 ಅಥವಾ 198 ಸೊನ್ನೆ ದಾಟಿದ್ದರೆ ಅಂದೇ ನಕಲು ಮಾಡಿಕೊಳ್ಳಿ. ಎಲ್ಲವೂ ಸೊನ್ನೆ ಇದೆಯೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಗೂಗಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಮೂರನೇ ಒಂದಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನಲ್ಲಿ ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ.

ನಕಲಿಗೆ ಮೊದಲು ವಿಂಡೋಸ್‌ನ ಡಿಸ್ಕ್ ದುರಸ್ತಿ ಸಾಧನವಾದ ಚೆಕ್‌ಡಿಸ್ಕ್ ಓಡಿಸಬೇಡಿ. ಸಾಯುತ್ತಿರುವ ಡಿಸ್ಕಿನ ಮೇಲೆ ಅದು ಇನ್ನಷ್ಟು ಬರೆಯುತ್ತದೆ, ಉಳಿದ ಫೈಲುಗಳೂ ಹೋಗಬಹುದು. ಮತ್ತೆ ಸಿಗದಂಥ ಫೋಟೊ, ದಾಖಲೆಗಳನ್ನು ಮೊದಲು ಎತ್ತಿಕೊಳ್ಳಿ. ನಂತರ ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕನ್ನು ನಕಲಿಸಿ. ಅದು ಸುಲಭವಾಗಿ ಓದಲಾಗುವುದನ್ನೆಲ್ಲ ಮೊದಲು ಬಾಚಿಕೊಂಡು, ಕಠಿಣ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂದು ಅದು ಬರೆದಿಡುವ ಮ್ಯಾಪ್ ಫೈಲನ್ನು ಬೇರೊಂದು ಡಿಸ್ಕಿನಲ್ಲಿಟ್ಟರೆ, ಕೆಲಸ ನಿಂತರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಮಾತ್ರ ತಕ್ಷಣ ವಿದ್ಯುತ್ ತೆಗೆಯಿರಿ. ಆ ಹಂತದಲ್ಲಿ ಯಾವ ತಂತ್ರಾಂಶವೂ ನೆರವಾಗದು, ದತ್ತಾಂಶ ಬೇಕೇಬೇಕಿದ್ದರೆ ಪರಿಣತ ಪ್ರಯೋಗಾಲಯವೇ ದಾರಿ. ಫ್ರೀಜರ್‌ನಲ್ಲಿಡುವ ಸಲಹೆ ಕೇಳಲೇಬೇಡಿ, ಒಳಗೆ ತೇವ ಕಟ್ಟುತ್ತದೆ.

ಹೊಸದನ್ನು ಕೊಳ್ಳುವಾಗ ಅಳತೆ ನೋಡಿ. ಡೆಸ್ಕ್‌ಟಾಪ್‌ಗೆ 3.5 ಇಂಚು, ಲ್ಯಾಪ್‌ಟಾಪ್‌ಗೆ 2.5 ಇಂಚು. ಲ್ಯಾಪ್‌ಟಾಪ್‌ನ ಜಾಗ ಸಾಮಾನ್ಯವಾಗಿ 7 ಅಥವಾ 9.5 ಮಿಲಿಮೀಟರ್ ದಪ್ಪಕ್ಕಷ್ಟೇ ಇರುತ್ತದೆ, 15 ಮಿಲಿಮೀಟರ್ ಡಿಸ್ಕ್ ಹಿಡಿಸದು. ಆಪರೇಟಿಂಗ್ ಸಿಸ್ಟಮ್ ಕೂರಿಸಲೆಂದಾದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಬರೆಯುವ ಎಸ್‌ಎಸ್‌ಡಿಯನ್ನೇ ಕೊಳ್ಳಿ.

ಹೆಚ್ಚು ಜನ ಎಡವುವುದು ಬರೆಯುವ ವಿಧಾನದಲ್ಲಿ. ಎಸ್‌ಎಂಆರ್ ಎಂಬ ಬಗೆಯ ಡಿಸ್ಕಿನಲ್ಲಿ ದತ್ತಾಂಶ ಬರೆಯುವ ಸಾಲುಗಳು, ಅಂದರೆ ಟ್ರ್ಯಾಕ್‌ಗಳು, ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಚಾಚಿರುತ್ತವೆ. ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಬ್ಯಾಕಪ್‌ಗೆ ಇದು ನಡೆಯುತ್ತದೆ, ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ರೇಡ್ ಜೋಡಣೆಗೆ ಖಂಡಿತ ಬೇಡ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ 2ರಿಂದ 6 ಟೆರಾಬೈಟ್‌ನ ಕೆಲವು ರೆಡ್ ಡಿಸ್ಕ್‌ಗಳು (ರೇಡ್‌ನಂಥ ಬಳಕೆಗೆಂದೇ ಮಾರುತ್ತಿದ್ದ ಸರಣಿ) ಎಸ್‌ಎಂಆರ್ ಎಂದು ಒಪ್ಪಿಕೊಂಡಿತ್ತು. ಹಾಗಾಗಿ ಹೆಸರನ್ನಷ್ಟೇ ನಂಬದೆ, ತಯಾರಕರ ವಿವರಪಟ್ಟಿಯಲ್ಲಿ ಪೂರ್ತಿ ಮಾದರಿ ಸಂಖ್ಯೆಯ ಮುಂದೆ ಸಿಎಂಆರ್ (ಟ್ರ್ಯಾಕ್‌ಗಳು ಒಂದರ ಮೇಲೊಂದು ಚಾಚದ ಬಗೆ) ಎಂದಿರುವುದನ್ನು ಖಚಿತಪಡಿಸಿಕೊಳ್ಳಿ.

ಡಿಸ್ಕ್ ಕೈಗೆ ಬಂದೊಡನೆ ಸ್ಮಾರ್ಟ್ ಪಟ್ಟಿಯಲ್ಲಿ 9 ಸಂಖ್ಯೆಯ ಸಾಲು ನೋಡಿ. ಅದು ಓಡಿದ ಗಂಟೆಗಳ ಲೆಕ್ಕ, ಹೊಸದರಲ್ಲಿ ಸೊನ್ನೆಯ ಆಸುಪಾಸಿನಲ್ಲಿರಬೇಕು. 2 ಟೆರಾಬೈಟ್‌ಗಿಂತ ದೊಡ್ಡದಾದರೆ, ಡಿಸ್ಕನ್ನು ಭಾಗ ಮಾಡುವಾಗ ಜಿಪಿಟಿ ಎಂಬ ಬಗೆಯನ್ನು ಆರಿಸಿ. ಕ್ವಿಕ್ ಬಿಟ್ಟು ಪೂರ್ಣ ಫಾರ್ಮ್ಯಾಟ್ ಮಾಡಿ, ಬಳಿಕ ಡಿಸ್ಕ್ ತನ್ನನ್ನು ತಾನೇ ಪೂರ್ತಿ ಓದಿ ನೋಡುವ ದೀರ್ಘ ಸ್ವಯಂಪರೀಕ್ಷೆ ನಡೆಸಿ. 4 ಟೆರಾಬೈಟ್‌ಗೆ ಪ್ರತಿಯೊಂದಕ್ಕೂ ಏಳೆಂಟು ಗಂಟೆ ಹಿಡಿಯಬಹುದು. ಆಮೇಲೆ 5, 197, 198ರಲ್ಲಿ ಒಂದಾದರೂ ಸೊನ್ನೆ ಬಿಟ್ಟು ಬೇರೆ ತೋರಿಸಿದರೆ ಹಿಂದಿರುಗಿಸಿ. ಎಲ್ಲ ಸರಿಯಿದ್ದರೆ ಫೈಲುಗಳನ್ನು ತುಂಬಿಸಿ, ತೆರೆದು ನೋಡಿ. ಎರಡನೇ ಪ್ರತಿಯೊಂದು ಬೇರೆಡೆ ಸಿದ್ಧವಾಗುವವರೆಗೆ ಹಳೆಯ ಡಿಸ್ಕನ್ನು ಅಳಿಸಬೇಡಿ.