ಮಟನ್ನಾ, ಮಡಕಿ ಕಾಳಾ? ನಿಮ್ಮ ತಾಟನ್ನು ನೀವೇ ಅಳೆಯುವುದು ಹೀಗೆ

ವಿಜಯಪುರದ ನಮ್ಮ ಓಣಿಯಲ್ಲಿ ಶ್ರಾವಣ ಬಂತೆಂದರೆ ಒಂದು ವಾದ ಶುರುವಾಗುತ್ತದೆ. ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲೂ ಆ ತಿಂಗಳು ಮಟನ್ ಬಂದ್. "ತಿಂಗಳು ಬಿಟ್ಟರ ಮೈ ಹಗುರ ಆಗ್ತದ ನೋಡ್ರಿ" ಎನ್ನುತ್ತಾರೆ ಒಬ್ಬರು. "ಹಗುರ ಅಲ್ರಿ, ಇದ್ದ ಶಕ್ತಿನೂ ಹೋಗ್ತದ" ಎನ್ನುತ್ತಾರೆ ಇನ್ನೊಬ್ಬರು. ನಮ್ಮದು ಸಸ್ಯಾಹಾರಿ ಮನೆ. ಗೋಡೆಯಾಚೆ, ನಾವು ವೈನಿ ಎಂದು ಕರೆಯುವ ನೆರೆಯವರ ಮನೆಯಲ್ಲಿ ರವಿವಾರ ಮಟನ್, ವಾರದ ನಡುವೆ ತತ್ತಿ. ಎರಡೂ ಮನೆಗಳಲ್ಲಿ ಎಂಬತ್ತು ದಾಟಿದವರಿದ್ದಾರೆ. ಎರಡೂ ಮನೆಗಳಲ್ಲಿ ಸಕ್ಕರೆ ಕಾಯಿಲೆಯೂ ಇದೆ.

ಸಂಶೋಧನೆ ಏನು ಹೇಳುತ್ತದೆ? ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ 48 ಸಾವಿರ ಜನರನ್ನು ಸುಮಾರು 18 ವರ್ಷ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಹೊರಬಂತು. ಮಾಂಸ ತಿನ್ನುವವರಿಗೆ ಹೋಲಿಸಿದರೆ ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳ ಕಟ್ಟುವ ಕಾಯಿಲೆಯ ಅಪಾಯ ಶೇ 22ರಷ್ಟು ಕಡಿಮೆ ಇತ್ತು. ಆದರೆ ಪಾರ್ಶ್ವವಾಯು, ಅಂದರೆ ನಾವು ಲಕ್ವಾ ಅನ್ನುತ್ತೇವಲ್ಲ, ಅದರ ಅಪಾಯ ಶೇ 20ರಷ್ಟು ಜಾಸ್ತಿ ಇತ್ತು. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ತದ್ರೂಪಿ ಅವಳಿಗಳ 22 ಜೋಡಿಯನ್ನು ತೆಗೆದುಕೊಂಡರು. ಒಬ್ಬರಿಗೆ ಬರೀ ಸಸ್ಯಾಹಾರ, ಹಾಲು ಕೂಡ ಇಲ್ಲ. ಇನ್ನೊಬ್ಬರಿಗೆ ಮಾಂಸವೂ ಇರುವ ಒಳ್ಳೆಯ ಊಟ. ಎಂಟು ವಾರಕ್ಕೆ ಸಸ್ಯಾಹಾರದವರ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚು ಇಳಿಯಿತು.

ಅಂದರೆ ತಕ್ಕಡಿ ಸ್ವಲ್ಪ ಕಾಳು, ಸೊಪ್ಪಿನ ಕಡೆಗೇ ವಾಲುತ್ತದೆ. ಆದರೆ ಮಿರ್ಚಿ ಭಜಿಯೂ ಸಸ್ಯಾಹಾರ, ಸಕ್ಕರೆಯೂ ಸಸ್ಯಾಹಾರ, ಮೈದಾ ಖಾರಿಯೂ ಸಸ್ಯಾಹಾರವೇ. ಮೈದಾ, ಸಕ್ಕರೆ, ಸಿಹಿ ಪಾನೀಯಗಳಿಂದ ತುಂಬಿದ ಸಸ್ಯಾಹಾರ ಹೃದಯಕ್ಕೆ ಅಪಾಯ ಹೆಚ್ಚಿಸುತ್ತದೆ ಎಂದು 2017ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅದಕ್ಕೇ ನನ್ನ ಮಾತು ಇಷ್ಟು: ನಿಮ್ಮ ತಾಟಿನಲ್ಲಿ ಏನು ಇಲ್ಲ ಎಂಬುದನ್ನು ಮೊದಲು ಹುಡುಕಿ. ಒಂದು ವಾರದ ಕೆಲಸ. ನೋಟಬುಕ್ಕು, ಪೆನ್ನು, ಒಂದು ಸಣ್ಣ ತಕ್ಕಡಿ ಸಾಕು.

ಮೊದಲ ಹೆಜ್ಜೆ: ಮೂರು ದಿನ ಬರೆದಿಡಿ

ಎರಡು ದಿನ ಮಾಮೂಲಿ ದಿನ ಇರಲಿ, ಒಂದು ದಿನ ರವಿವಾರ. ರೊಟ್ಟಿ ಎಷ್ಟು, ಬ್ಯಾಳಿ ಎಷ್ಟು ಸೌಟು, ಹಿಂಡಿ (ಚಟ್ನಿಪುಡಿ) ಎಷ್ಟು ಚಮಚ, ಚಹಾ ಎಷ್ಟು ಕಪ್ಪು, ಸಂಜೆಯ ಚೂಡಾ ಎಷ್ಟು ಮುಷ್ಟಿ, ಎಲ್ಲ ಬರೆಯಿರಿ. ಒಬ್ಬೊಬ್ಬರದು ಬೇರೆ ಬೇರೆ ಪುಟ. ಇದನ್ನು ಒತ್ತಿ ಹೇಳುತ್ತೇನೆ. ಮನೆಯಲ್ಲಿ ಒಂದೇ ಅಡಿಗೆ ಆದರೂ ಎಲ್ಲರ ತಾಟು ಒಂದೇ ಇರುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರ ಪುಟವನ್ನು ಮೊದಲು ಓದಿ.

ಎರಡನೆಯ ಹೆಜ್ಜೆ: ಪ್ರೋಟೀನ್ ಲೆಕ್ಕ ಹಾಕಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ಪ್ರಕಾರ ದೊಡ್ಡವರಿಗೆ ದಿನಕ್ಕೆ ಮೈತೂಕದ ಒಂದು ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದವರಿಗೆ ಸುಮಾರು 50 ಗ್ರಾಂ.

ಈಗ ನಮ್ಮ ಊಟಕ್ಕೆ ಬನ್ನಿ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಎಂದರೆ 6 ಗ್ರಾಂ. ನಾಲ್ಕು ರೊಟ್ಟಿಗೆ 24. ಒಂದು ಮುಷ್ಟಿ ತೊಗರಿ ಬ್ಯಾಳಿ, ಅಂದರೆ 30 ಗ್ರಾಂ, ಅದರಿಂದ 6-7 ಗ್ರಾಂ. ಶೇಂಗಾ ಹಿಂಡಿ 20 ಗ್ರಾಂ ಹಚ್ಚಿಕೊಂಡರೆ 5 ಗ್ರಾಂ. ಒಂದು ಬಟ್ಟಲು ಮೊಸರಿಗೆ ಇನ್ನೊಂದು 5. ಎಲ್ಲ ಕೂಡಿಸಿದರೆ 40ರ ಆಸುಪಾಸು. ಹತ್ತು ಗ್ರಾಂ ಕಡಿಮೆ ಬಿತ್ತು, ಅಲ್ವಾ? ಇದು ಹೊಟ್ಟೆ ತುಂಬಿದ ಊಟ, ಹಸಿವು ಉಳಿಯುವುದಿಲ್ಲ. ಅದಕ್ಕೇ ಕೊರತೆ ಗೊತ್ತಾಗುವುದಿಲ್ಲ.

ಈ ಹತ್ತು ಗ್ರಾಂ ತುಂಬುವುದು ಕಷ್ಟವಲ್ಲ. ಮೊಳಕೆ ಬರಿಸಿದ ಮಡಕಿ ಕಾಳಿನ ಉಸಳಿ ಒಂದು ಬಟ್ಟಲು ಸೇರಿಸಿ. ಒಣಗಿದ ಕಾಳು 50 ಗ್ರಾಂ ತೆಗೆದುಕೊಂಡರೆ ಸಾಕು. ಇಲ್ಲವೇ ಪಲ್ಯದ ಜಾಗಕ್ಕೆ ಕಡಲೆ ಹಿಟ್ಟಿನ ದಪ್ಪ ಝುಣಕ. ತತ್ತಿ ತಿನ್ನುವವರಾದರೆ ಎರಡು ತತ್ತಿಗೆ 12 ಗ್ರಾಂ ಬಂತು.

ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳಿನಲ್ಲಿ ಅದು ಸಾಕಷ್ಟಿದೆ. ರೊಟ್ಟಿ ಜೊತೆ ಕಾಳು ತಿಂದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿ ನೆನಪಿಸಿಕೊಳ್ಳಿ. ಸಜ್ಜಿ ರೊಟ್ಟಿ, ಕಾಳು ಪಲ್ಯ, ಶೇಂಗಾ ಹೋಳಿಗೆ, ಗುರೆಳ್ಳು ಹಿಂಡಿ, ಮೊಸರು. ಅಷ್ಟು ಪೂರ್ತಿಯಾದ ಸಸ್ಯಾಹಾರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಬುತ್ತಿ ವರ್ಷಕ್ಕೊಮ್ಮೆ ಮಾತ್ರ ಬಿಚ್ಚುತ್ತದೆ ಎಂಬುದೇ ನನ್ನ ಸಂಕಟ. ವಾರದ ದಿನ ರೊಟ್ಟಿ, ಹಿಂಡಿ, ತೆಳ್ಳನೆ ಸಾರಿಗೆ ಊಟ ಮುಗಿದುಹೋಗುತ್ತದೆ.

ಮಟನ್ ತಿನ್ನುವ ಮನೆಯವರಿಗೂ ಇಲ್ಲೊಂದು ಮಾತಿದೆ. ಹೆಚ್ಚಾದ ಪ್ರೋಟೀನನ್ನು ಮೈ ಕೂಡಿಟ್ಟುಕೊಳ್ಳುವುದಿಲ್ಲ. ರವಿವಾರ ತಿಂದದ್ದು ಬುಧವಾರಕ್ಕೆ ಬರುವುದಿಲ್ಲ. ವೈನಿಯ ಪುಟ ಬರೆದಾಗ ಇದೇ ಕಂಡಿತು. ರವಿವಾರ ಬೇಕಾದದ್ದಕ್ಕಿಂತ ಜಾಸ್ತಿ, ಉಳಿದ ದಿನ ನಮ್ಮ ಮನೆಗಿಂತ ಕಡಿಮೆ. "ನಾವು ಮಟನ್ ತಿನ್ನೋರು, ನಮಗ್ಯಾಕ ಬ್ಯಾಳಿ" ಎಂದು ಅವರ ಮನೆಯಲ್ಲಿ ಕಾಳು ನೆನೆಸುವುದೇ ಬಿಟ್ಟಿದ್ದರು.

ಮೂರನೆಯ ಹೆಜ್ಜೆ: ಬಿ12 ಎಲ್ಲಿಂದ ಬರುತ್ತಿದೆ ನೋಡಿ

ಇದು ಸಸ್ಯಾಹಾರಿ ಮನೆಗಳ ದೊಡ್ಡ ಬಿರುಕು. ಬಿ12 ವಿಟಮಿನ್ ತಯಾರಿಸುವುದು ಬ್ಯಾಕ್ಟೀರಿಯಾಗಳು. ಅದು ಹಾಲು, ಮೊಸರು, ತತ್ತಿ, ಮೀನು, ಮಾಂಸದಲ್ಲಿ ಸಿಗುತ್ತದೆ. ಕಾಳು, ಸೊಪ್ಪು, ಹಣ್ಣುಗಳನ್ನು ನಂಬಿ ಕೂರುವಂತಿಲ್ಲ. ದಿನಕ್ಕೆ ಬೇಕಾದದ್ದು 2 ಮೈಕ್ರೋಗ್ರಾಂಗಿಂತ ಸ್ವಲ್ಪ ಹೆಚ್ಚು. ಅಷ್ಟು ಸಿಗಲು ಸುಮಾರು ಅರ್ಧ ಲೀಟರ್ ಹಾಲು ಅಥವಾ ಮೊಸರು ಬೇಕು. ಚಹಾಕ್ಕೆ ಹಾಕುವ ಹಾಲು ಲೆಕ್ಕಕ್ಕೆ ಸಾಲದು.

ಇದನ್ನು ನಾನು ಕಲಿತದ್ದು ನಮ್ಮ ಅತ್ತೆಯವರಿಂದ. "ಕಾಲು ಜೋಮು ಹಿಡಿದಂಗ ಆಗ್ತದವ್ವಾ, ನೆಲ ಮುಟ್ಟಿದ್ದೇ ತಿಳಿವಲ್ದು" ಎನ್ನುತ್ತಿದ್ದರು. ಒಂದು ದವಾಖಾನೆಯಲ್ಲಿ ವಯಸ್ಸಿನ ನೋವು ಎಂದು ಮುಲಾಮು ಬರೆದುಕೊಟ್ಟರು. ಎರಡು ವರ್ಷ ಹಾಗೇ ಹೋಯಿತು. ಕೊನೆಗೆ ಬೇರೆ ಕಡೆ ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತಳ ಕಂಡಿತ್ತು. ಮನೆಯಲ್ಲಿ ಎಮ್ಮೆ ಹಾಲು ದಿನಾ ಬರುತ್ತಿತ್ತು. ಆದರೆ ಹಾಲು ಮೊಮ್ಮಕ್ಕಳಿಗೆ, ಗಟ್ಟಿ ಮೊಸರು ಗಂಡಸರಿಗೆ, ಅವರ ತಾಟಿಗೆ ನೀರು ಮಜ್ಜಿಗೆ. ನಲವತ್ತು ವರ್ಷ ಹೀಗೇ ನಡೆದಿತ್ತು. ನಾನೂ ಅದನ್ನು ದಿನಾ ನೋಡಿದ್ದೆ. ಇಂಜೆಕ್ಷನ್ ಆದ ಮೇಲೆ ಜೋಮು ಬಹಳಷ್ಟು ಇಳಿಯಿತು, ಪೂರ್ತಿ ಹೋಗಲಿಲ್ಲ. ನರಗಳಿಗೆ ಆದ ಪೆಟ್ಟು ತಡವಾದರೆ ಕೆಲವೊಮ್ಮೆ ಉಳಿದುಬಿಡುತ್ತದೆ.

ಬಿ12 ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಕೊರತೆ ನಿಧಾನವಾಗಿ, ಸದ್ದಿಲ್ಲದೆ ಬರುತ್ತದೆ. ಕೈಕಾಲು ಜೋಮು, ಸುಸ್ತು, ನಾಲಿಗೆ ಉರಿ, ಮರೆವು ಇದ್ದರೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು, ಆಸಿಡಿಟಿ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರು ಮಟನ್ ತಿಂದರೂ ಒಮ್ಮೆ ನೋಡಿಸಿಕೊಳ್ಳಬೇಕು. ಈ ಔಷಧಗಳಿಂದ ಬಿ12 ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಬಿ12 ಮಾತ್ರೆಯಲ್ಲಿ ಮಾಂಸ ಇರುತ್ತದೆಯೇ ಎಂದು ಹಿರಿಯರು ಹೆದರುತ್ತಾರೆ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ ಬೆಳೆಸಿ, ಹುದುಗು ಬರಿಸಿ. ಕ್ಯಾಪ್ಸೂಲಿನ ಕವಚ ಮಾತ್ರ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇರಬಹುದು. ಗುಳಿಗೆ ರೂಪದ್ದೇ ಕೊಡಿ ಎಂದು ಕೇಳಿ.

ಶಾಲೆಗೆ ಹೋಗುವ ಮಕ್ಕಳ ಪುಟವನ್ನೂ ಇಲ್ಲೇ ತೆರೆಯಿರಿ. 2021ರ ಡಿಸೆಂಬರ್‌ನಲ್ಲಿ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ತತ್ತಿ ಕೊಡಲು ಶುರು ಮಾಡಿದರು. ಬೇಡ ಎಂದವರಿಗೆ ಬಾಳೆಹಣ್ಣು. ಆಗ ಎಷ್ಟು ಗದ್ದಲ ಆಯಿತು! ಗದ್ದಲದ ನಡುವೆ ಒಂದು ಮಾತು ಯಾರ ಕಿವಿಗೂ ಬೀಳಲಿಲ್ಲ. ಒಂದು ತತ್ತಿಯಲ್ಲಿ 6 ಗ್ರಾಂ ಪ್ರೋಟೀನ್, ಜೊತೆಗೆ ಬಿ12. ಒಂದು ಬಾಳೆಹಣ್ಣಿನಲ್ಲಿ 1 ಗ್ರಾಂನಷ್ಟು ಪ್ರೋಟೀನ್, ಬಿ12 ಇಲ್ಲ. ಬಾಳೆಹಣ್ಣು ಆರಿಸಿಕೊಂಡ ಮಗುವಿಗೆ ಸಂಜೆ ಮನೆಯಲ್ಲಿ ಒಂದು ಲೋಟ ಹಾಲು, ಒಂದು ಮುಷ್ಟಿ ಹುರಿದ ಶೇಂಗಾ ಕೊಡಲೇಬೇಕು.

ನಾಲ್ಕನೆಯ ಹೆಜ್ಜೆ: ಕಬ್ಬಿಣಾಂಶಕ್ಕೆ ಲಿಂಬೆ ಹಿಂಡಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ ಇತ್ತು. ಮಾಂಸದ ಕಬ್ಬಿಣಾಂಶ ಮೈಗೆ ಬೇಗ ಹತ್ತುತ್ತದೆ. ಸೊಪ್ಪು, ಕಾಳಿನದು ಅಷ್ಟು ಸುಲಭವಲ್ಲ. ಆದರೆ ಲಿಂಬೆಯಂಥ ಹುಳಿಯ ವಿಟಮಿನ್ ಸಿ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ನಮ್ಮ ಇಂಡಿ ತಾಲ್ಲೂಕಿನ ಲಿಂಬೆ ಇರುವಾಗ ಚಿಂತೆ ಏಕೆ? ಉಸಳಿ, ಮೆಂತ್ಯ ಪಲ್ಯದ ಮೇಲೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಹಾಳು. ಪುಂಡಿ ಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿ, ಅದರ ಹುಳಿಗೆ ಬಾಣಲೆಯ ಕಬ್ಬಿಣವೂ ಸ್ವಲ್ಪ ಇಳಿಯುತ್ತದೆ. ಕಾಳು ಮೊಳಕೆ ಬರಿಸಿದರೆ ಕಬ್ಬಿಣಾಂಶವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಊಟ ಆದ ಕೂಡಲೇ ಚಹಾ ಕುಡಿಯುವ ರೂಢಿ ಮಾತ್ರ ಬಿಡಿ. ಒಂದು ತಾಸು ತಡೆಯಿರಿ.

ಐದನೆಯ ಹೆಜ್ಜೆ: ಮಾಂಸದ ಪುಟ ತೂಗಿ

ಕೆಂಪು ಮಾಂಸ, ಅಂದರೆ ಕುರಿ, ಮೇಕೆಯದು, ಬೇಯಿಸಿದ ಮೇಲೆ ವಾರಕ್ಕೆ 350ರಿಂದ 500 ಗ್ರಾಂ ಒಳಗೆ ಇರಲಿ ಎಂಬುದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ. ವಾರಕ್ಕೊಮ್ಮೆ ಮಟನ್ ಮಾಡುವ ನಮ್ಮ ಕಡೆಯ ಎಷ್ಟೋ ಮನೆಗಳು ಇದರೊಳಗೇ ಇರುತ್ತವೆ. ಕಣ್ಣಿಗೆ ಕಾಣುವ ಕೊಬ್ಬು ತೆಗೆಯಿರಿ, ಮೇಲೆ ತೇಲುವ ಎಣ್ಣೆ ಬಸಿಯಿರಿ. ಕೃಷ್ಣಾ ನದಿಯ, ಆಲಮಟ್ಟಿ ಹಿನ್ನೀರಿನ ಮೀನು ಸಿಕ್ಕರೆ ಒಂದು ವಾರ ಮಟನ್ ಬದಲಿಗೆ ಅದೇ ಇರಲಿ.

ಸಾಸೇಜ್, ಸಲಾಮಿ, ಬೇಕನ್ ಮಾತೇ ಬೇರೆ. ಉಪ್ಪು ಹಾಕಿ, ಹೊಗೆ ಹಿಡಿಸಿ ಕೆಡದಂತೆ ಮಾಡಿದ ಇಂಥ ಮಾಂಸ ದೊಡ್ಡ ಕರುಳಿನ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿದೆ. ದಿನಾ 50 ಗ್ರಾಂ ತಿಂದರೆ ಅಪಾಯ ಶೇ 18ರಷ್ಟು ಏರುತ್ತದೆ. ಇದನ್ನು ತಿನ್ನುವ ರೂಢಿ ನಮ್ಮಲ್ಲಿ ಇರಲಿಲ್ಲ. ಈಗ ಮಕ್ಕಳ ಡಬ್ಬಿಗೆ ಬರುತ್ತಿದೆ. ತರಬೇಡಿ.

ಆರನೆಯ ಹೆಜ್ಜೆ: ಎಣ್ಣೆ, ಉಪ್ಪಿನ ಡಬ್ಬಿ ನೋಡಿ

ಇದು ಸುಲಭ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ ಎಣ್ಣೆ 27 ಗ್ರಾಂ, ಉಪ್ಪು 5 ಗ್ರಾಂ ಸಾಕು ಎಂದಿದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್ ಎಣ್ಣೆ, 600 ಗ್ರಾಂ ಉಪ್ಪು ಬಂತು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ. ಕಿರಾಣಿ ಚೀಟಿ ತೆಗೆದು ನೋಡಿ. ಅದೇ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ, ಸೊಪ್ಪು ಕೇಳುತ್ತದೆ. ರೊಟ್ಟಿ ಜೊತೆ ಹಸಿ ಹಕ್ಕರಕಿ ಸೊಪ್ಪು, ಮೂಲಂಗಿ, ಸವತೆಕಾಯಿ, ಉಳ್ಳಾಗಡ್ಡಿ ಇಟ್ಟುಕೊಂಡರೆ ಅರ್ಧ ದಾರಿ ಸಾಗಿದಂತೆ.

ಕೊನೆಯ ಹೆಜ್ಜೆ: ಒಂದೊಂದೇ ಬದಲಿಸಿ

ಒಂದು ವಾರಕ್ಕೆ ಒಂದೇ ಕೊರತೆ ತುಂಬಿ. ಮಾಂಸ ಬಿಡುವ ಮನಸ್ಸಿದ್ದರೆ ಶ್ರಾವಣದಲ್ಲಿ ಶುರು ಮಾಡಿ, ಆದರೆ ಬಿಟ್ಟ ಜಾಗಕ್ಕೆ ಕಾಳು, ಮೊಸರು ಬರಲಿ. ಅನ್ನ, ಸಾರು ಬಂದರೆ ಶಕ್ತಿ ಹೋಯಿತು ಎಂದ ಆ ನೆರೆಯವರ ಮಾತೇ ನಿಜವಾಗುತ್ತದೆ. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಬಸುರಿಯರಿಗೆ, ಹಾಲುಣಿಸುವವರಿಗೆ ಇಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಬೇಕು, ಅವರ ಲೆಕ್ಕವನ್ನು ಆಶಾ ಕಾರ್ಯಕರ್ತೆ ಅಥವಾ ವೈದ್ಯರ ಜೊತೆ ಕೂತು ಹಾಕಿ. ರಕ್ತಹೀನತೆ, ಬಿ12 ಕೊರತೆ ಇದ್ದವರು ಮೂರು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಹಳೆಯ ಚೀಟಿಯ ಪಕ್ಕದಲ್ಲಿಟ್ಟು ನೋಡಿ. ನಮ್ಮ ಮನೆಯಲ್ಲಿ ಈಗ ಮೊಸರಿನ ಮೊದಲ ಬಟ್ಟಲು ಅತ್ತೆಯವರ ತಾಟಿಗೆ.