ಮಗನಿಗೆ ಮೊದಲು ಉದ್ರಿ ಪುಸ್ತಕ ಕೊಟ್ಟೆ

ದಾವಣಗೆರೆಯಲ್ಲಿ ನಮ್ಮದು ಕಿರಾಣಿ ಹೋಲ್‌ಸೇಲ್. ನಮ್ಮಪ್ಪ ಶುರು ಮಾಡಿದ್ದು. ಈಗ ಮಗ ನಡೆಸುತ್ತಿದ್ದಾನೆ, ನಾನು ಬೆಳಿಗ್ಗೆ ಒಂದು ತಾಸು ಹೋಗಿ ಪೇಪರ್ ಓದಿ ಬರುತ್ತೇನೆ. ಇದು ಆಗುವ ಮಾತಲ್ಲ ಅಂದವರೇ ಜಾಸ್ತಿ. ನಮ್ಮ ಬೀಗರಂತೂ "ಹುಡುಗನ ಕೈಗೆ ಉದ್ರಿ ಕೊಟ್ರೆ ಅಂಗಡಿ ಮುಳುಗಿದ ಹಾಗೆ" ಅಂದಿದ್ದರು. ಮೊನ್ನೆ ಅವರೇ ತಮ್ಮ ಸಿಮೆಂಟ್ ಅಂಗಡಿಗೆ ಏನು ಮಾಡೋದು ಅಂತ ಕೇಳಿದರು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಎಲ್ಲರ ಹಾಗೆ ನಾನೂ ಮೊದಲು ಅವನನ್ನು ಗಲ್ಲಾದಲ್ಲಿ ಕೂರಿಸಿದೆ. ಹೆಚ್ಚುಕಮ್ಮಿ ಎರಡು ವರ್ಷ. ಬಂದವರೆಲ್ಲ ಅವನನ್ನು ದಾಟಿ ಒಳಗೆ ಇಣುಕಿ "ಸಾವ್ಕಾರ್ರು ಇಲ್ವಾ?" ಅಂತಿದ್ದರು. ಅವನು ಹೇಳಿದ ರೇಟು ರೇಟೇ ಅಲ್ಲ, ನಾನು ಬಂದು ಎರಡು ರೂಪಾಯಿ ಇಳಿಸಬೇಕು. ಆಮೇಲೆ ಹೊಸ ಬಡಾವಣೆಯಲ್ಲಿ ಬ್ರಾಂಚ್ ಹಾಕಿಕೊಟ್ಟೆ. ಆರೇಳು ಲಕ್ಷ ಹೋಯಿತು. ಮುಚ್ಚಿದಾಗ ರ‍್ಯಾಕು, ಫ್ರಿಜ್ಜು, ತೂಕದ ಮಷಿನ್ನು ಎಲ್ಲ ಮಾರಿ ಬಂದದ್ದು ಒಂದು ಲಕ್ಷ ಚಿಲ್ಲರೆ. ಹುಡುಗನ ತಪ್ಪಲ್ಲ. ಅಲ್ಲಿ ಬರುವವರು ಅರ್ಧ ಕೆಜಿ ಸಕ್ಕರೆಯವರು, ನಮ್ಮ ವ್ಯಾಪಾರ ನಿಂತಿರುವುದು ಹಳ್ಳಿ ಅಂಗಡಿಗಳ ಉದ್ರಿ ಮೇಲೆ.

ಆಗ ಹೊರಗೆ ನಿಂತ ದುಡ್ಡು ಹದಿನಾಲ್ಕು ಹದಿನೈದು ಲಕ್ಷ ಇತ್ತು. ಪುಸ್ತಕ ಅವನ ಮುಂದಿಟ್ಟು ಹೇಳಿದೆ: ಹಳೆ ಬಾಕಿಯಲ್ಲಿ ನೀನು ವಸೂಲಿ ಮಾಡಿದ್ದರಲ್ಲಿ ಅರ್ಧ ನಿನ್ನ ಬಂಡವಾಳ. ಇನ್ಮೇಲೆ ಕೊಡುವ ಉದ್ರಿ ನಿನ್ನದು, ಮುಳುಗಿದರೆ ನಿನ್ನ ಪಾಲಿನಲ್ಲಿ ಹೋಗುತ್ತದೆ. ಬೈಕ್ ತಗೊಂಡು ಹೊರಟ. ಮೊದಲ ಎರಡು ತಿಂಗಳು ಬರೀ ಚಹಾ ಕುಡಿದು ಬಂದ, ಯಾಕೆಂದರೆ ಹೋಗಿದ್ದೇ ತಪ್ಪು ಕಾಲಕ್ಕೆ. ಜಗಳೂರು ಕಡೆ ಮೆಕ್ಕೆಜೋಳ ಮಾರಬೇಕು, ಹರಿಹರದ ಕಡೆ ಭತ್ತ, ಚನ್ನಗಿರಿ ಕಡೆ ಅಡಿಕೆ. ಅಲ್ಲಿಯವರೆಗೆ ಅಂಗಡಿಯವನ ಹತ್ತಿರವೂ ದುಡ್ಡು ಇರಲ್ಲ. ಇದನ್ನು ನಾನು ಹೇಳಿದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ. ಸುಗ್ಗಿ ಮುಗಿಯುವ ಹೊತ್ತಿಗೆ ನಾಲ್ಕು ಲಕ್ಷದ ಹತ್ತಿರ ತಂದ.

ಅಸಲು ಪರೀಕ್ಷೆ ಬೇರೆ. ಹತ್ತು ವರ್ಷದಿಂದ ನಾನು ಸಾಕಿಕೊಂಡು ಬಂದಿದ್ದ ಒಬ್ಬ ಗಿರಾಕಿಗೆ ಮಾಲು ನಿಲ್ಲಿಸಿಬಿಟ್ಟ. ಆತ ನೇರ ಮನೆಗೆ ಬಂದ. "ನೋಡಪ್ಪಾ, ಪುಸ್ತಕ ಅವನ ಹತ್ರ ಐತಿ, ಅವನನ್ನೇ ಕೇಳು" ಅಂದೆ. ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು, ಆದರೆ ಆವತ್ತಿನಿಂದ "ಸಾವ್ಕಾರ್ರು ಇಲ್ವಾ" ನಿಂತಿತು. ಉದ್ರಿ ಪುಸ್ತಕದ ಮೂಲೆಯಲ್ಲಿ ನಮ್ಮಪ್ಪ ಹಾಕುತ್ತಿದ್ದ ಮೂರು ಗುರುತುಗಳಿವೆ, ಯಾರಿಗೆ ಎಷ್ಟು ದಿನ ಬಿಡಬಹುದು ಅಂತ. ಅದನ್ನು ಮಗನಿಗೆ ಮಾತ್ರ ಹೇಳಿದ್ದೇನೆ, ಇಲ್ಲಿ ಬರೆಯಲ್ಲ.

ಖರೀದಿ ಕೊಟ್ಟಿದ್ದು ಆಮೇಲೆ. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿಗೆ ನನ್ನ ಜೊತೆ ಒಂದು ಸೀಸನ್ ಓಡಾಡಿದ. ಡಬ್ಬಿ, ಕಡ್ಡಿ ಅನ್ನುವ ತಳಿಗಳು ಕಣ್ಣಲ್ಲೇ ಗೊತ್ತಾಗುತ್ತವೆ. ಹಸಿ ಇದೆಯೋ ಇಲ್ಲವೋ ಅನ್ನುವುದು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗಲೇ ತಿಳಿಯುವುದು: ಒಣಗಿದ್ದು ಗಲಗಲ ಅನ್ನುತ್ತದೆ, ಹಸಿ ಇದ್ದದ್ದು ಕೈಗೆ ಮೆತ್ತಗೆ ಕೂರುತ್ತದೆ. 2024ರ ಮಾರ್ಚ್‌ನಲ್ಲಿ ದರ ಬಿದ್ದು ಅಲ್ಲಿ ಗಲಾಟೆಯಾಯಿತಲ್ಲ, ಅದಕ್ಕೆ ಮುಂಚೆಯೇ ಇವನು ಕೋಲ್ಡ್ ಸ್ಟೋರೇಜಿನ ಮಾಲು ಮುಕ್ಕಾಲು ಪಾಲು ಖಾಲಿ ಮಾಡಿದ್ದ. ನನ್ನನ್ನು ಕೇಳಲೂ ಇಲ್ಲ. ಈಗ ಖಾರದಪುಡಿ ಪ್ಯಾಕೆಟ್ ಬೇರೆ ಶುರು ಮಾಡಿದ್ದಾನೆ, ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಯಾವುದು ಎಷ್ಟು ಅಂತ ನನ್ನನ್ನು ಕೇಳಬೇಡಿ. ಲಾಭ ಇನ್ನೂ ಕಾಣಿಸಿಲ್ಲ, ಮನೆ ತುಂಬ ಸೀನು ಮಾತ್ರ.

ಕಾಗದಪತ್ರ ಕೊನೆಗೆ ಮಾಡಿಸಿದೆವು. ಪಾರ್ಟ್‌ನರ್‌ಶಿಪ್, ನನ್ನದು ಮೂವತ್ತು, ಅವನದು ಎಪ್ಪತ್ತು. ಜಿಎಸ್‌ಟಿ ನಂಬರಿನೊಳಗೇ ಪ್ಯಾನ್ ಇರುತ್ತದೆ, ಹಾಗಾಗಿ ಫರ್ಮ್ ಆದ ಕೂಡಲೇ ನಂಬರೂ ಹೊಸದು. ಹಳೇ ನಂಬರ್ ರದ್ದು ಮಾಡಿಸುವ ಮೊದಲೇ ಐಟಿಸಿ-02 ಅನ್ನುವ ಫಾರಂ ಹಾಕಿ, ಖರೀದಿ ಮೇಲೆ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್ ಹೊಸದಕ್ಕೆ ವರ್ಗಾಯಿಸಿಕೊಳ್ಳಿ, ಆಡಿಟರ್ ಸರ್ಟಿಫಿಕೇಟ್ ಬೇಕು. ನಮ್ಮ ಕ್ರೆಡಿಟ್ ಮೂರು ಲಕ್ಷದ ಮೇಲಿತ್ತು. ಆಹಾರ ಲೈಸೆನ್ಸ್ ಹೊಸದು, ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್ ಸಾಲ) ಲಿಮಿಟ್ಟೂ ಹೊಸದಾಗಿ. ಎಲ್ಲ ಸೇರಿ ನಲವತ್ತು ಐವತ್ತು ಸಾವಿರ ಖರ್ಚು.

ಕಟ್ಟಡವನ್ನು ಮಾತ್ರ ಇದಕ್ಕೆ ಸೇರಿಸಲಿಲ್ಲ. ಅದು ಪಿತ್ರಾರ್ಜಿತ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಮಗಳಿಗೂ ಸಮಪಾಲು. ಹಕ್ಕು ಬಿಟ್ಟುಕೊಡು ಅಂತ ಅವಳ ಸಹಿ ಕೇಳಲು ನನಗೆ ಮನಸ್ಸಿರಲಿಲ್ಲ. ಹಾಗಾಗಿ ಫರ್ಮ್ ಬಾಡಿಗೆ ಕಟ್ಟುತ್ತದೆ, ಅವಳ ಪಾಲು ತಿಂಗಳು ತಿಂಗಳು ಅವಳ ಖಾತೆಗೆ. ಮಗ ಮೊದಲು ಮುಖ ಊದಿಸಿಕೊಂಡ. ಬಾಡಿಗೆ ಖರ್ಚಿನಲ್ಲಿ ಬರುತ್ತದೆ ಅಂತ ಆಡಿಟರ್ ಹೇಳಿದ ಮೇಲೆ ಸುಮ್ನಾದ.

ಒಂದು ಮರೆಯಬೇಡಿ, ಹಳೇ ಕ್ಯೂಆರ್ ಸ್ಟಿಕ್ಕರ್ ಮೊದಲು ಕಿತ್ತು ಹಾಕಿ. ನಾವು ಕಿತ್ತರೂ ಹಳ್ಳಿಯವರ ಫೋನಿನಲ್ಲಿ ನನ್ನ ಹೆಸರೇ ಮೇಲೆ ಬರುತ್ತದೆ, ದುಡ್ಡು ನನ್ನ ಖಾತೆಗೆ ಬೀಳುತ್ತದೆ. ಈಗಲೂ ತಿಂಗಳಿಗೆ ಹತ್ತಿಪ್ಪತ್ತು ಸಾವಿರ ಹಾಗೆ ಬರುತ್ತದೆ. ಶನಿವಾರ ಬಂತೆಂದರೆ ಮಗ ಅದರ ಲೆಕ್ಕ ಕೇಳುತ್ತಾನೆ, ಬಿಡಲ್ಲ.