86 ಹಕ್ಕಿ, 10 ಪಂಜರ: ನಾನು ಬಡ್ಜಿ ಕಮ್ಮಿ ಮಾಡಿದ ಬಗೆ

ನನ್ನದು ಹಾಸನದಲ್ಲಿ ಹಿಟ್ಟಿನ ಗಿರಣಿ. ಕೆಳಗೆ ಗಿರಣಿ, ಮೇಲೆ ಮನೆ, ಮನೆ ಮೇಲೆ ಹಕ್ಕಿ. ಟೆರೇಸಿನಲ್ಲಿ ಶೀಟ್ ಹೊದಿಸಿದ ಒಂದು ರೂಮು, ಹದಿನಾಲ್ಕಡಿಗೆ ಹತ್ತಡಿ. ಒಂದು ವರ್ಷ ಗೌರಿ ಹಬ್ಬದ ಹೊತ್ತಿಗೆ ಅದರೊಳಗೆ 86 ಬಡ್ಜಿ, ಅಂದರೆ ಪಂಜರದಲ್ಲಿ ಸಾಕುವ ಸಣ್ಣ ಜಾತಿಯ ಗಿಳಿ, ಇದ್ದವು. ಮರಿ ಮಾಡಿಸುವ ಪಂಜರ ಇದ್ದದ್ದು ಹತ್ತೇ. ಮಿಕ್ಕವು ಏನು ಮಾಡುತ್ತಿದ್ದವು ಅಂದರೆ, ತಿನ್ನುತ್ತಿದ್ದವು, ಕಿರುಚುತ್ತಿದ್ದವು, ನನ್ನ ಭಾನುವಾರಗಳನ್ನು ನುಂಗುತ್ತಿದ್ದವು.

ನಮ್ಮೂರಲ್ಲಿ ಎಲ್ಲರೂ ಇವನ್ನು ಲವ್ ಬರ್ಡ್ಸ್ ಅಂತಲೇ ಕರೆಯುವುದು. ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೇನೆ. ಲವ್ ಬರ್ಡ್ ಆಫ್ರಿಕಾ ಕಡೆಯದು, ಇದು ಆಸ್ಟ್ರೇಲಿಯಾದ್ದು. ಅಂಗಡಿಯ ಸಣ್ಣ ಬಡ್ಜಿ 30-35 ಗ್ರಾಂ ತೂಗಿದರೆ ಶೋ ಬಡ್ಜಿ, ಅಂದರೆ ಪ್ರದರ್ಶನಕ್ಕೆ ಅಂತ ಸಾಕುವ, ನಾವು ಇಂಗ್ಲಿಷ್ ಬಡ್ಜಿ ಅನ್ನುವುದು, 50 ಗ್ರಾಂ ದಾಟುತ್ತದೆ. ಆದರೆ ಎರಡೂ ಒಂದೇ ಜಾತಿ. 1840ರಲ್ಲಿ ಜಾನ್ ಗೂಲ್ಡ್ ಅನ್ನುವ ಹಕ್ಕಿತಜ್ಞ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ. 1925ರ ಹೊತ್ತಿಗೆ ಅಲ್ಲಿ ಬಡ್ಜಿ ಸಾಕುವವರದೇ ಒಂದು ಸಂಘ ಆಯಿತು. ತಲೆ ಅಗಲ ಇರುವುದನ್ನು, ಭುಜ ತುಂಬಿರುವುದನ್ನು ತಲೆಮಾರುಗಟ್ಟಲೆ ಆರಿಸಿ ಆರಿಸಿ ಈ ಗಾತ್ರಕ್ಕೆ ತಂದಿದ್ದಾರೆ. ಆರಿಸುವುದನ್ನು ಬಿಟ್ಟರೆ ಏನಾಗುತ್ತದೆ ಅಂತ ಗೊತ್ತಾಗಲು ಪುಸ್ತಕ ಬೇಡ, ನನ್ನ ರೂಮಿಗೆ ಬಂದಿದ್ದರೆ ಸಾಕಿತ್ತು. ನಾಲ್ಕು ವರ್ಷದಲ್ಲಿ ನನ್ನ ಮರಿಗಳ ತಲೆ ಅಂಗಡಿ ಹಕ್ಕಿಯ ತಲೆಯಷ್ಟೇ ಆಗಿತ್ತು.

ಎಚ್ಚರ ಆಗಿದ್ದು ಮಾತ್ರ ಅದರಿಂದಲ್ಲ. ಆ ಮಳೆಗಾಲ ಒಂದು ಚೀಲ ನವಣೆ ಗೋಡೆ ಪಕ್ಕ ತೇವ ಹಿಡಿದಿತ್ತು. ಗಿರಣಿಯವನು ನಾನು, ಮುಗ್ಗಲು ವಾಸನೆ ಗೊತ್ತಾಗದೆ ಇರುತ್ತಾ? ಗೊತ್ತಾಯಿತು. ಬಿಸಿಲಿಗೆ ಹಾಕಿದರೆ ಸರಿ ಹೋಗುತ್ತೆ ಅಂತ ಹಾಕಿದೆ. ಆಷಾಢದಲ್ಲಿ ಹಾಸನದಲ್ಲಿ ಬಿಸಿಲು ಎಲ್ಲಿದೆ? ಮೂರು ವಾರದಲ್ಲಿ 9 ಹಕ್ಕಿ ಹೋದವು. ತಿನ್ನುತ್ತಲೇ ಇರುವ ಹಕ್ಕಿ, ಕೈಗೆ ತಗೊಂಡರೆ ಎದೆ ಮೂಳೆ ಚಾಕುವಿನ ಹಾಗೆ ಚೂಪು. ಹಿಕ್ಕೆ ಒಯ್ದು ತೋರಿಸಿದಾಗ ಪಶುವೈದ್ಯರು ಸೂಕ್ಷ್ಮದರ್ಶಕದಲ್ಲಿ ನೋಡಿ, ಹೊಟ್ಟೆಯಲ್ಲಿ ಒಂದು ಬಗೆಯ ಶಿಲೀಂಧ್ರ ಇದೆ ಅಂದರು. ಇದನ್ನೇ ಹಳೆಯ ಸಾಕಣೆದಾರರು ಮೆಗಾಬ್ಯಾಕ್ಟೀರಿಯಾ ಅನ್ನುತ್ತಾರೆ, ಹೆಸರಲ್ಲಿ ಬ್ಯಾಕ್ಟೀರಿಯಾ ಇದ್ದರೂ ಅದು ಶಿಲೀಂಧ್ರವೇ. ಔಷಧಿ ಕೊಟ್ಟರು. ಆಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: "ಎಷ್ಟು ಹಕ್ಕಿ ಇಟ್ಟಿದ್ದೀರಿ, ಎಷ್ಟು ಜಾಗದಲ್ಲಿ?"

ಮನೆಗೆ ಬಂದು ಉಳಿದವನ್ನು ಎಣಿಸಿದೆ. 86.

ಅಲ್ಲಿಯವರೆಗೂ ನಾನು ಮಾಡುತ್ತಿದ್ದ ತಪ್ಪು ಏನೆಂದರೆ, ಒಂದೊಂದೇ ಹಕ್ಕಿ ನೋಡಿ "ಇದನ್ನು ಕೊಡಲಾ, ಇಟ್ಟುಕೊಳ್ಳಲಾ" ಅಂತ ಯೋಚಿಸುತ್ತಿದ್ದೆ. ಹಾಗೆ ಕೇಳಿಕೊಂಡರೆ ಯಾವ ಹಕ್ಕಿಯೂ ಮನೆ ಬಿಟ್ಟು ಹೋಗುವುದಿಲ್ಲ. ಇದರ ಬಣ್ಣ ಚೆನ್ನಾಗಿದೆ, ಅದರ ಅಪ್ಪ ಚೆನ್ನಾಗಿದ್ದ, ಇನ್ನೊಂದು ಕೈ ಮೇಲೆ ಕೂರುತ್ತದೆ. ಈ ಸಲ ತಿರುಗಾ ಮುರುಗಾ ಮಾಡಿದೆ. ಮೊದಲು ಸಂಖ್ಯೆ ಬರೆದೆ, ಆಮೇಲೆ ಹಕ್ಕಿ ನೋಡಿದೆ. ಪಂಜರ 10, ಅಂದರೆ 10 ಜೋಡಿ, 20 ಹಕ್ಕಿ. ಹೆಣ್ಣು ಕೈ ಕೊಡುವುದು ಜಾಸ್ತಿ, ಮೊಟ್ಟೆ ಸಿಕ್ಕಿಕೊಂಡು ಸಾಯುತ್ತವೆ, ಕೆಲವು ಗೂಡಿಗೇ ಹೋಗುವುದಿಲ್ಲ. ಹಾಗಾಗಿ 4 ಹೆಣ್ಣು ಹೆಚ್ಚಿಗೆ, 2 ಗಂಡು ಹೆಚ್ಚಿಗೆ. ಒಂದು ಒಳ್ಳೆಯ ಗಂಡನ್ನು ಎರಡು ಹೆಣ್ಣಿಗೆ ಬಳಸಬಹುದು, ಸಾಧಾರಣ ಗಂಡುಗಳನ್ನು ಗುಡ್ಡೆ ಹಾಕಿಕೊಂಡು ಏನು ಮಾಡುವುದು? ಮುಂದಿನ ವರ್ಷಕ್ಕೆ ಅಂತ 6 ಮರಿ. ಒಟ್ಟು 32. ಆ ಸಂಖ್ಯೆಯನ್ನು ಬಳಪದಲ್ಲಿ ರೂಮಿನ ಬಾಗಿಲ ಮೇಲೆ ದೊಡ್ಡದಾಗಿ ಬರೆದೆ. ನಮ್ಮ ಮನೆಯವಳು ನೋಡಿ, "ಏನ್ರೀ ಇದು, ಹಾಲಿನವನ ಲೆಕ್ಕವಾ?" ಅಂದಳು.

ಗಡುವೂ ಹಾಕಿಕೊಂಡೆ. ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆಯುವಷ್ಟರಲ್ಲಿ ಲೆಕ್ಕ ಮುಗಿಯಬೇಕು, ದೀಪಾವಳಿ ಕಳೆದು ಬಾಗಿಲು ಹಾಕಿದ ಮೇಲೆ ಜೋಡಿ ಹಾಕಬೇಕು. ಅಷ್ಟು ಹೊತ್ತಿಗೆ ಮಳೆ ಹಿಂದಕ್ಕೆ ಹೋಗಿರುತ್ತದೆ, ಹಕ್ಕಿಗಳೂ ಹಳೆ ಗರಿ ಉದುರಿಸಿ ಹೊಸದು ತೊಟ್ಟಿರುತ್ತವೆ. ಮಾರ್ಚಿಗೆ ಎರಡು ಸಲ ಮರಿ ಮಾಡಿಸಿ ಗೂಡು ತೆಗೆದುಬಿಟ್ಟರೆ ಬಿಸಿಲಿಗೆ ಸಿಕ್ಕಿಕೊಳ್ಳುವುದಿಲ್ಲ. ಹಾಸನ ಬಡವರ ಊಟಿ ಅಂತಾರೆ ನಿಜ, ಆದರೆ ಏಪ್ರಿಲ್ ಮಧ್ಯಾಹ್ನ ನನ್ನ ಶೀಟಿನ ಕೆಳಗೆ ಬಂದು ನಿಂತು ಹೇಳಲಿ ನೋಡೋಣ.

ಮೊದಲ ಸುತ್ತು ಆರೋಗ್ಯದ್ದು. ಇದರಲ್ಲಿ ಯೋಚನೆಗೆ ಜಾಗವಿಲ್ಲ. ಪ್ರತಿ ಹಕ್ಕಿಯನ್ನೂ ಕೈಗೆ ತಗೊಂಡು ಎದೆ ಮೂಳೆ ಮುಟ್ಟಿ ನೋಡಿದೆ, ಹಿಂಭಾಗ ಒದ್ದೆ ಇದೆಯಾ, ಉಸಿರಿಗೆ ಬಾಲ ಕುಣಿಯುತ್ತದಾ, ಕೊಕ್ಕಿನ ಬುಡದಲ್ಲಿ ಹುಳದ ಬಿಳಿ ಹೊಪ್ಪಳೆ ಇದೆಯಾ ನೋಡಿದೆ. ಹುಳ ಇದ್ದವನ್ನು ತೆಗೆದು ಹಾಕಲಿಲ್ಲ, ಅದಕ್ಕೆ ಔಷಧಿ ಇದೆ. ಅಡುಗೆಮನೆ ತಕ್ಕಡಿ ಮೇಲೆ ಪ್ಲಾಸ್ಟಿಕ್ ಡಬ್ಬಿ ಇಟ್ಟು ತೂಕ ಬರೆದೆ. ಹತ್ತು ದಿನ ಬಿಟ್ಟು ಮತ್ತೆ ತೂಗಿದೆ. ಇಳಿದವು ಬೇರೆ ಪಂಜರಕ್ಕೆ ಹೋದವು. ಮರಿಯಲ್ಲಿ ರೆಕ್ಕೆ ಬಾಲದ ಗರಿ ಉದುರಿ, ಹಾರಲಾಗದೆ ನೆಲದಲ್ಲಿ ಓಡಾಡಿಕೊಂಡಿದ್ದ ನಾಲ್ಕೂ ಪಟ್ಟಿಯಿಂದ ಹೊರಗೆ. ಇದಕ್ಕೆ ಫ್ರೆಂಚ್ ಮೋಲ್ಟ್ ಅನ್ನುತ್ತಾರೆ, ವೈರಸ್ಸಿನಿಂದ ಬರುವುದು. ಆಮೇಲೆ ಗರಿ ಬಂದು ಸರಿ ಹೋದ ಹಾಗೆ ಕಂಡರೂ ನಾನು ಅಂಥವನ್ನು ಗೂಡಿಗೆ ಹಾಕುವುದಿಲ್ಲ. ಒಟ್ಟು 14 ಪಟ್ಟಿಯಿಂದ ಹೋದವು.

ಎರಡನೇ ಸುತ್ತು ಪುಸ್ತಕದ್ದು, ಅಂದರೆ ಯಾವ ಹಕ್ಕಿಯ ಅಪ್ಪ ಅಮ್ಮ ಯಾರು, ಅದು ಹೇಗೆ ಮರಿ ಮಾಡಿತು ಅಂತ ಬರೆದಿಡುವ ಪುಸ್ತಕ. ನನ್ನ ಬುಡಕ್ಕೇ ಬಂದಿದ್ದು ಇಲ್ಲಿ, ಯಾಕೆಂದರೆ ಅರ್ಧ ಹಕ್ಕಿಗಳಿಗೆ ಪುಸ್ತಕವೇ ಇರಲಿಲ್ಲ. ಮೊದಮೊದಲು ದೊಡ್ಡ ಪಂಜರದಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಟ್ಟು ಗೂಡಿಗೆ ಅಂತ ಮಣ್ಣಿನ ಕುಡಿಕೆ ನೇತು ಹಾಕುತ್ತಿದ್ದೆ. ಹಾಗೆ ಮಾಡಿದರೆ ಮರಿಯ ಅಮ್ಮ ಯಾರೆಂದು ಗೊತ್ತಾಗಬಹುದು, ಅಪ್ಪ ಯಾರೆಂದು ದೇವರೇ ಹೇಳಬೇಕು. ಹೆಣ್ಣುಗಳು ಕುಡಿಕೆಗೆ ಕಚ್ಚಾಡಿ ರಕ್ತ ಮಾಡಿಕೊಳ್ಳುವುದು ಬೇರೆ. ಒಂದು ಜೋಡಿಗೆ ಒಂದು ಪಂಜರ, ಮರದ ಗೂಡು, ಮರಿಗೆ ವಾರದೊಳಗೆ ಗುರುತಿನ ಕಾಲುಂಗುರ ಅಂತ ಶುರು ಮಾಡಿದ್ದೇ ತಡವಾಗಿ. ಪುಸ್ತಕದಲ್ಲಿ ಇದ್ದಷ್ಟನ್ನು ಕೂತು ಓದಿದೆ. ಮೊಟ್ಟೆ ಒಡೆದು ತಿನ್ನುವ ಹೆಣ್ಣು, ಮರಿಯ ಬೆನ್ನಿನ ಗರಿ ಕಿತ್ತು ಹಾಕುವ ಹೆಣ್ಣು, ಎರಡು ಹಂಗಾಮು ಬೇರೆ ಬೇರೆ ಜೋಡಿ ಹಾಕಿದರೂ ಮರಿ ಕೊಡದ ಗಂಡು, ನಾಲ್ಕು ವರ್ಷ ದಾಟಿದವು. ಇನ್ನು 17 ಹೋದವು.

ಈ ಪಟ್ಟಿಯಲ್ಲಿ ದೊರೆಯ ಹೆಸರೂ ಬಂತು. ದೊರೆ ಅಂದರೆ ನನ್ನ ಹಸಿರು ಗಂಡು, ಬೆಂಗಳೂರಿನ ಹಿರಿಯರೊಬ್ಬರ ಹತ್ತಿರ ದುಡ್ಡು ಸುರಿದು ತಂದದ್ದು. ಹಣೆ ಕೊಕ್ಕಿನ ಮೇಲೆ ಚಾಚಿಕೊಂಡು ಕಣ್ಣೇ ಕಾಣದಷ್ಟು ಗರಿ, ಗಂಟಲಲ್ಲಿ ಆರು ಚುಕ್ಕೆ ದುಂಡಗೆ ಕಡಲೆಕಾಳಿನ ಹಾಗೆ. ಮನೆಗೆ ಬಂದವರಿಗೆ ಮೊದಲು ತೋರಿಸುತ್ತಿದ್ದದ್ದೇ ಅವನನ್ನು. ಎರಡು ವರ್ಷದಲ್ಲಿ ನಾಲ್ಕು ಸಲ ಕಾವಿಗೆ ಕೂತವು ಅವನ ಹೆಣ್ಣುಗಳು, 22 ಮೊಟ್ಟೆ, ಟಾರ್ಚ್ ಹಿಡಿದು ನೋಡಿದರೆ ಒಂದರಲ್ಲೂ ಕೆಂಪು ಗೆರೆ ಇಲ್ಲ, ಅಂದರೆ ಒಳಗೆ ಮರಿ ಇಲ್ಲ. ಬಡ್ಜಿಯಲ್ಲಿ ಗರಿ ಎರಡು ತರ. ಒಂದು ಗಿಡ್ಡ, ನಯ, ಬಣ್ಣ ತುಂಬಿದ್ದು, ಅದಕ್ಕೆ ಯೆಲ್ಲೋ ಅನ್ನುತ್ತೇವೆ. ಇನ್ನೊಂದು ಉದ್ದ, ಒರಟು, ಹಕ್ಕಿಯನ್ನು ದೊಡ್ಡದಾಗಿ ತೋರಿಸುವುದು, ಬಫ್. ದೊರೆ ಬಫ್ಫಿನ ಮೇಲೆ ಬಫ್, ಅಂದರೆ ಅಪ್ಪ ಅಮ್ಮ ಎರಡೂ ಬಫ್. ಹಿಂಭಾಗದಲ್ಲಿ ಗರಿ ಎಷ್ಟು ದಟ್ಟ ಅಂದರೆ ಕೂಡಿದರೂ ಫಲ ನಿಲ್ಲುವುದಿಲ್ಲ. ಕತ್ತರಿ ಹಿಡಿದು ಅಲ್ಲಿನ ಗರಿ ಕತ್ತರಿಸಿ ನೋಡಿದೆ, ಆಗಲೂ ಇಲ್ಲ. ಬಫ್ಫಿಗೆ ಬಫ್ ಹಾಕುತ್ತಲೇ ಹೋದರೆ ಗರಿ ಚರ್ಮದೊಳಗೇ ಸುತ್ತಿಕೊಂಡು ಗಂಟಾಗುವುದೂ ಉಂಟು. ಮೊದಲೆರಡು ವರ್ಷ ಗಾತ್ರದ ಆಸೆಗೆ ನಾನು ಅದನ್ನೇ ಮಾಡಿದ್ದೆ.

ದೊರೆಯ ಹೆಸರಿನ ಮುಂದೆ ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತೆ. ಗೆರೆ ಎಳೆಯಲಿಲ್ಲ. ಮುಂದಿನ ಸುತ್ತಿಗೆ ಹೋದೆ. ಅಂದರೆ ಹೋಗಬೇಕಾಗಿದ್ದದ್ದು 18, ಹೋದದ್ದು 17.

ಮೂರನೇ ಸುತ್ತು ರೂಪದ್ದು. ಗುಂಪಿನಲ್ಲಿ ನೋಡಿ ಆರಿಸಬೇಡಿ, ಪಕ್ಕದಲ್ಲಿ ಸಣ್ಣದು ಕೂತಿದ್ದರೆ ಎಲ್ಲವೂ ದೊಡ್ಡದಾಗಿಯೇ ಕಾಣುತ್ತವೆ. ಒಂದು ಚಿಕ್ಕ ಪಂಜರವನ್ನು ಕಣ್ಣಿನ ಎತ್ತರಕ್ಕೆ ಇಟ್ಟು, ಬೆಳಗ್ಗೆ ಗಿರಣಿ ತೆಗೆಯುವ ಮುಂಚೆ ಒಂದೊಂದೇ ಹಕ್ಕಿಯನ್ನು ಬಿಟ್ಟು, ಅದು ಗಾಬರಿ ಕಳೆದು ಕೋಲಿನ ಮೇಲೆ ಸುಮ್ನೆ ಕೂರುವವರೆಗೆ ಕಾದು ನೋಡಿದೆ. ಎದುರಿನಿಂದ ತಲೆಯ ಅಗಲ, ಪಕ್ಕದಿಂದ ಹಣೆಯ ಎತ್ತರ, ಹಿಂದಿನಿಂದ ಭುಜ. ನೆತ್ತಿಯಿಂದ ಬಾಲದ ತುದಿಗೆ ಎಂಟೂವರೆ ಇಂಚು ಅನ್ನುವುದು ಶೋ ಅಳತೆ, ಆದರೆ ನಾನು ಉದ್ದಕ್ಕಿಂತ ಕೂರುವ ಭಂಗಿಗೆ ಜಾಸ್ತಿ ಬೆಲೆ ಕೊಡುತ್ತೇನೆ. ಕೋಲಿನ ಮೇಲೆ ಮಲಗಿದ ಹಾಗೆ ಕೂರುವ ಹಕ್ಕಿ, ರೆಕ್ಕೆ ತುದಿಗಳನ್ನು ಕತ್ತರಿಯ ಹಾಗೆ ಒಂದರ ಮೇಲೊಂದು ಹಾಕಿಕೊಳ್ಳುವ ಹಕ್ಕಿ ನನಗೆ ಬೇಡ. ಈ ದೋಷಗಳು ಹೋಗಲು ತಲೆಮಾರುಗಳು ಬೇಕು. ತಲೆಯ ಮೇಲೆ ಕಪ್ಪು ಚುಕ್ಕೆ, ಗಂಟಲ ಚುಕ್ಕೆ ಸಣ್ಣದು, ಇಂಥವನ್ನು ಒಳ್ಳೆಯ ಜೋಡಿ ಕೊಟ್ಟು ತಿದ್ದಬಹುದು. ಎರಡೂ ಕಡೆ ಒಂದೇ ದೋಷ ಇರಬಾರದು, ಅಷ್ಟೇ.

ಮರಿಗಳ ವಿಷಯದಲ್ಲಿ ಒಂದು ಪೆಟ್ಟು ತಿಂದಿದ್ದೇನೆ. ಹಿಂದೊಮ್ಮೆ ನಾಲ್ಕು ತಿಂಗಳ ಒಂದು ನೀಲಿ ಗಂಡು ಮರಿಯನ್ನು, ಮೊದಲ ಗರಿ ಉದುರಿ ಬಡಕಲಾಗಿದ್ದಾಗ, ಬೇಲೂರಿನ ಹುಡುಗನೊಬ್ಬನಿಗೆ ಅಂಗಡಿ ಹಕ್ಕಿ ರೇಟಿಗೆ ಕೊಟ್ಟೆ. ಒಂದು ವರ್ಷ ಬಿಟ್ಟು ಅವನ ಮನೆಗೆ ಹೋದರೆ, ನನ್ನ ಉಂಗುರ ಹಾಕಿಕೊಂಡು, ನನ್ನ ಹತ್ತಿರ ಇರುವ ಯಾವುದಕ್ಕಿಂತಲೂ ದೊಡ್ಡ ತಲೆ ಇಟ್ಟುಕೊಂಡು ಕೂತಿದೆ. "ಅಣ್ಣ, ನಿಮ್ಮದೇ ಮರಿ" ಅಂದ. ಕಾಫಿ ಕೊಟ್ಟ. ಗಂಟಲಲ್ಲಿ ಇಳಿಯಲಿಲ್ಲ. ಮರಿಯನ್ನು ಗೂಡಿನಿಂದ ಹೊರಬಿದ್ದ ಮೇಲೆ ಎಂಟು ವಾರದೊಳಗೆ ಒಮ್ಮೆ ನೋಡಿ ಬರೆದಿಡಿ, ಆಮೇಲೆ ಎಂಟೊಂಬತ್ತು ತಿಂಗಳಿಗೆ ನೋಡಿ. ನಡುವೆ ನೋಡಿ ತೀರ್ಮಾನ ಮಾಡಬೇಡಿ.

ಈ ಸುತ್ತಿನಲ್ಲಿ 18 ಹೋಗಿ 37 ಉಳಿದವು. ಬಾಗಿಲ ಮೇಲೆ 32. ಆ ಐದು ಹಕ್ಕಿಗೆ ಮೂರು ವಾರ ಹಿಡಿಯಿತು, ಮಿಕ್ಕ 49ಕ್ಕೆ ಹಿಡಿದಷ್ಟೇ ದಿನ.

ಇಲ್ಲಿ ಎದುರುಬದುರಾದದ್ದು ದೊರೆ ಮತ್ತು ಬೂದಿ. ಬೂದಿ ಹೆಸರಿಗೆ ತಕ್ಕ ಹಾಗೆ ಬೂದು ಬಣ್ಣದ ಹೆಣ್ಣು, ಮೂರು ವರ್ಷದ್ದು, ತಲೆ ಸಾಧಾರಣ, ಯೆಲ್ಲೋ ಗರಿ, ಯಾರೂ ತಿರುಗಿ ನೋಡದ ಹಕ್ಕಿ. ರೂಪದ ಸುತ್ತಿನಲ್ಲಿ ಕೊನೆಗೆ ನಿಂತಿದ್ದಳು. ಆದರೆ ಪುಸ್ತಕದಲ್ಲಿ ನಾನು ಇಟ್ಟುಕೊಳ್ಳಲು ಗುರುತು ಮಾಡಿದ ಮರಿಗಳ ಅಮ್ಮನ ಹೆಸರು ನೋಡಿದರೆ, ಆರರಲ್ಲಿ ಮೂರು ಅವಳವು. ಇನ್ನೊಂದು ಅವಳ ಮಗಳದು. ಇಷ್ಟು ದಿನ ನಾನು ಯಾವ ಹಕ್ಕಿಯನ್ನು ಜನಕ್ಕೆ ತೋರಿಸಿದೆನೋ ಅದರಿಂದ ಒಂದು ಮರಿ ಇಲ್ಲ, ಯಾವುದನ್ನು ಮೂಲೆಗೆ ಹಾಕಿದ್ದೆನೋ ಅದರ ಮೇಲೆ ಇಡೀ ರೂಮು ನಿಂತಿದೆ. ಗೆರೆ ಎಳೆದೆ, ದೊರೆಯ ಮೇಲೆ.

ಹೊರಗೆ ಹೋದವು ಎಲ್ಲಿಗೆ ಅಂತ ಕೇಳುವವರಿದ್ದಾರೆ. ಅವ್ವ ಅಂತೂ, "ಬಿಟ್ಬಿಡೋ, ಪುಣ್ಯ ಬರ್ತದೆ" ಅಂದಳು. ಯಾರು ಹೀಗೆ ಹೇಳಿದರೂ ಬಿಡಬೇಡಿ. ಪಂಜರದಲ್ಲಿ ಹುಟ್ಟಿದ ಬಡ್ಜಿಗೆ ಇಲ್ಲಿ ಕಾಳು ಹುಡುಕಲೂ ಬರುವುದಿಲ್ಲ, ಕಾಗೆ ಬಂದರೆ ತಪ್ಪಿಸಿಕೊಳ್ಳಲೂ ಬರುವುದಿಲ್ಲ. ಮಧ್ಯಾಹ್ನದೊಳಗೆ ಮುಗಿಯಿತು. ಕಾಯಿಲೆಯವನ್ನು ಯಾರಿಗೂ ಕೊಡಲಿಲ್ಲ, ಬೇರೆ ಇಟ್ಟು ಔಷಧಿ ಮಾಡಿದೆ, ಕೆಲವು ಉಳಿದವು, ಕೆಲವು ಇಲ್ಲ. ಆರೋಗ್ಯವಾಗಿದ್ದವನ್ನು ಸಾಕಲು ಆಸೆ ಇದ್ದವರಿಗೆ, ಮುಖ್ಯವಾಗಿ ಮಕ್ಕಳಿರುವ ಮನೆಗೆ, ಎರಡೆರಡರಂತೆ ಕೊಟ್ಟೆ. ಮರಿ ಮಾಡಿಸಬೇಕು ಅಂತ ಬಂದವರಿಗೆ ದೋಷ ಬಾಯಿಬಿಟ್ಟು ಹೇಳಿದೆ. ಇದು ಮೊಟ್ಟೆ ತಿನ್ನುತ್ತೆ, ಗೂಡು ಇಡಬೇಡಿ. ಹಾಗೆ ಹೇಳಿದ್ದಕ್ಕೆ ಇಬ್ಬರು ವಾಪಸ್ ಹೋದರು. ಹೋಗಲಿ.

ಹಿಂದಿನ ವರ್ಷ ಕುಡಿಕೆ, ಪಂಜರ ಎಲ್ಲ ಸೇರಿ 22 ಜೋಡಿಯಿಂದ 41 ಮರಿ ದೊಡ್ಡದಾಗಿದ್ದವು, ನಿಜಕ್ಕೂ ಇಟ್ಟುಕೊಳ್ಳುವಂಥವು ಮೂರು. ಹಕ್ಕಿ ಕಮ್ಮಿ ಮಾಡಿದ ವರ್ಷ 10 ಜೋಡಿಯಿಂದ 38 ಮರಿ, ಇಟ್ಟುಕೊಳ್ಳುವಂಥವು ಏಳು. ಕಾಳಿನ ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಗಾಳಿ ಆಡುತ್ತದೆ, ರೂಮಿಗೆ ಹೋದರೆ ವಾಸನೆ ಇಲ್ಲ, ಯಾವ ಹಕ್ಕಿ ಮಂಕಾಗಿದೆ ಅಂತ ಬಾಗಿಲಲ್ಲೇ ಗೊತ್ತಾಗುತ್ತದೆ.

ದೊರೆಯನ್ನು ಕೊಡಲಿಲ್ಲ. ಕೆಳಗೆ ಹಾಲ್‌ನಲ್ಲಿ ಅವ್ವನ ಕುರ್ಚಿ ಪಕ್ಕ ಇದ್ದಾನೆ, ಜೊತೆಗೆ ಒಬ್ಬ ಮುದಿ ಗಂಡು. ಬಾಗಿಲ ಮೇಲಿನ ಲೆಕ್ಕಕ್ಕೆ ಅವರಿಬ್ಬರೂ ಸೇರುವುದಿಲ್ಲ ಅಂತ ನಾನೇ ಕಾನೂನು ಮಾಡಿಕೊಂಡೆ. ನಮ್ಮ ಮನೆಯವಳು ಅದನ್ನು ಒಪ್ಪಿಲ್ಲ, ಹಾಲ್ ಗುಡಿಸುವುದು ಅವಳು. ಮೇಲೆ ಈಗ ಮತ್ತೆ 66 ಆಗಿದ್ದಾವೆ, ಗೌರಿ ಹಬ್ಬ ಮುಂದಿನ ವಾರ.